ಹಗ್ಗ ಬಿಚ್ಚುವ ಹೊತ್ತು

ಮೈಸೂರಿನ ನಮ್ಮ ಬಡಾವಣೆಯ ಕೊನೆಯ ಅಡ್ಡರಸ್ತೆ ಮುಗಿಯುವಲ್ಲಿ ಒಂದು ಸಿ.ಎ. ಸೈಟು ಇದೆ. ನಕ್ಷೆಯ ಪ್ರಕಾರ ಅದು ನಾಗರಿಕ ಸೌಲಭ್ಯಕ್ಕೆಂದು ಮೀಸಲಾದ ಜಾಗ. ಯಾವ ಸೌಲಭ್ಯ ಎಂಬುದು ನಾವು ಇಲ್ಲಿಗೆ ಬಂದ ಲಾಗಾಯ್ತು ತೀರ್ಮಾನವಾಗಿಲ್ಲವಾದ್ದರಿಂದ ಅಲ್ಲಿ ಎರಡು ಹೊಂಗೆ ಮರಗಳೂ ಬೇಕಾದಷ್ಟು ಪಾರ್ಥೇನಿಯಂ ಗಿಡಗಳೂ ಬೆಳೆದುಕೊಂಡಿವೆ. ಸುತ್ತ ತಂತಿಬೇಲಿ ಇರುವುದನ್ನು ಗಮನಿಸಿದ ಯಾರೋ ಒಬ್ಬರು ಒಂದು ಬೆಳಿಗ್ಗೆ ತಮ್ಮ ನಾಯಿಯನ್ನು ಒಳಗೆ ಬಿಟ್ಟು ಹಗ್ಗ ಬಿಚ್ಚಿದರು. ಮರುದಿನ ಇಬ್ಬರು ಬಂದರು. ಈಗ ಬೆಳಗಿನ ಆರರಿಂದ ಏಳೂವರೆಯವರೆಗೆ ಅದು ನಾಯಿಗಳ ಮೈದಾನ. ಆಮೇಲೆ ಕ್ರಿಕೆಟ್ ಹುಡುಗರದು.

ಇಂಥ ಜಾಗಗಳನ್ನು ಬೇಕೆಂದೇ ಕಟ್ಟಿಸುವ ಊರುಗಳೂ ಇವೆ. ಅಮೆರಿಕದ ಬರ್ಕ್ಲಿಯಲ್ಲಿ 1979ರಷ್ಟು ಹಿಂದೆಯೇ ಒಂದು ಉದ್ಯಾನದ ಭಾಗವನ್ನು ನಾಯಿಗಳ ಸ್ವೇಚ್ಛಾವಿಹಾರಕ್ಕೆ ಬಿಟ್ಟುಕೊಟ್ಟರು. ನಮ್ಮ ನೆರೆಯ ಹೈದರಾಬಾದಿನ ಕೊಂಡಾಪುರದಲ್ಲಿ 2018ರಲ್ಲಿ ನಗರಪಾಲಿಕೆಯೇ ಒಂದೂಕಾಲು ಎಕರೆಗಿಂತ ತುಸು ಹೆಚ್ಚಿನ ಜಾಗದಲ್ಲಿ ನಾಯಿಗಳ ಉದ್ಯಾನವನ್ನು ತೆರೆಯಿತು. ನಮ್ಮದಕ್ಕೆ ಫಲಕವಿಲ್ಲ, ಉದ್ಘಾಟನೆಯೂ ಆಗಿಲ್ಲ. ಆದರೆ ವಿದೇಶದಲ್ಲಿ ಮಗನ ಮನೆಯಲ್ಲಿ ಆರು ತಿಂಗಳಿದ್ದು ಬಂದ ನಿವೃತ್ತ ಎಂಜಿನಿಯರರೊಬ್ಬರ ಹಟದಿಂದಾಗಿ ಎರಡು ಗೇಟುಗಳಿವೆ. ತುಕ್ಕು ಹಿಡಿದ ಹಳೆಯ ಕಬ್ಬಿಣದ ಗೇಟಿನ ಒಳಗೆ ನಾಲ್ಕು ಅಡಿ ಬಿಟ್ಟು, ಬಿದಿರಿನ ತಟ್ಟಿಯ ಇನ್ನೊಂದು ಗೇಟು. ಮೊದಲನೆಯದನ್ನು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯಬೇಕು, ಹಗ್ಗವನ್ನು ಆ ನಡುವಿನ ಜಾಗದಲ್ಲಿಯೇ ಬಿಚ್ಚಬೇಕು ಎಂಬುದು ಅವರ ಕಟ್ಟಪ್ಪಣೆ. ಒಳಗಿನ ನಾಯಿ ಬೀದಿಗೆ ಓಡದಿರಲೆಂದು ಈ ಏರ್ಪಾಡು ಎಂದು ನಾನು ತಿಳಿದಿದ್ದೆ. ಅದು ಅರ್ಧ ಕಾರಣ ಮಾತ್ರ. ಬಿಡುಬೀಸಾಗಿ ಓಡಾಡುವ ಹತ್ತು ನಾಯಿಗಳ ನಡುವೆ ಹಗ್ಗಕ್ಕೆ ಸಿಕ್ಕ ನಾಯಿಗೆ ಓಡಿಹೋಗುವ ದಾರಿ ಇರುವುದಿಲ್ಲ. ಓಡಲಾಗದ ಪ್ರಾಣಿಗೆ ಉಳಿಯುವುದು ಹಲ್ಲು ಕಿರಿಯುವುದೊಂದೇ. ಅದರ ಮೇಲೆ ಯಜಮಾನನು ಗಾಬರಿಯಿಂದ ಹಗ್ಗವನ್ನು ಬಿಗಿದೆಳೆದನೆಂದರೆ, ಅವನ ಭಯವೂ ಹಗ್ಗದ ಮೂಲಕ ಇಳಿದುಬಂದು ನಾಯಿಯ ಕುತ್ತಿಗೆಯನ್ನು ಸೇರುತ್ತದೆ. ಬೀದಿಯಲ್ಲಿ ಪರಸ್ಪರ ಹರಿದು ತಿನ್ನುವಂತೆ ಬೊಗಳಿದ ಎರಡು ನಾಯಿಗಳು ಈ ಮೈದಾನದಲ್ಲಿ ಬಾಲ ಆಡಿಸುತ್ತ ಮೂಸಿಕೊಂಡು ಸುಮ್ಮನಾಗಿದ್ದನ್ನು ನಾನೇ ನೋಡಿದ್ದೇನೆ.

ಮೂಸುವ ವಿಷಯ ಬಂದಿದ್ದರಿಂದ ಒಂದು ಮಾತು ಹೇಳಬೇಕು. ಹೊಸ ನಾಯಿ ಒಳಗೆ ಬಂದ ಕೂಡಲೇ ಉಳಿದವು ಅದರ ಹಿಂಭಾಗಕ್ಕೆ ಹೋಗಿ ಮೂಗಿಡುವುದನ್ನು ಕಂಡು ಯಜಮಾನರು ಸಂಕೋಚಪಟ್ಟುಕೊಳ್ಳುತ್ತಾರೆ. ಅಲ್ಲಿರುವ ಗ್ರಂಥಿಗಳ ವಾಸನೆಯಲ್ಲಿ ಒಂದು ನಾಯಿಯ ಪೂರ್ವಾಪರವೆಲ್ಲ ಬರೆದಿರುತ್ತದಂತೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೋಸಂಬರಿ ಬಡಿಸುವಷ್ಟರಲ್ಲಿ ‘ಯಾವೂರಾಯಿತು, ಯಾರ ಪೈಕಿ?’ ಎಂದು ವಿಚಾರಿಸಿಕೊಳ್ಳುವುದಿಲ್ಲವೆ? ನಾಯಿಗಳು ಅಷ್ಟನ್ನೇ ಇನ್ನೂ ಬೇಗನೆ, ಬಾಯಿಬಿಡದೆ ಮುಗಿಸುತ್ತವೆ. ಆಮೇಲೆ ಒಂದು ನಾಯಿ ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲೆತ್ತಿ ನಿಲ್ಲುತ್ತದೆ. ಇನ್ನು ಮುಂದೆ ಕಚ್ಚಿದರೂ ಉರುಳಿಸಿದರೂ ಅದೆಲ್ಲ ಆಟ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಅದರ ಅರ್ಥ. ಇಂಥದೊಂದು ಭಂಗಿ ಮನುಷ್ಯರಿಗೂ ಇದ್ದಿದ್ದರೆ ನಮ್ಮ ಬಡಾವಣೆಯ ಸಂಘದ ವಾರ್ಷಿಕ ಸಭೆಗಳು ಬೇರೆಯಾಗಿರುತ್ತಿದ್ದವು.

ಹೀಗೆ ಒಂದು ಗಂಟೆ ಓಡಿ, ಉರುಳಿ, ಗುಂಡಿ ತೋಡಿ, ತೋಡಿದ್ದನ್ನು ಮರೆತು ಮತ್ತೊಂದು ಕಡೆ ತೋಡುವ ಈ ಗುಂಪನ್ನು ನೋಡುವಾಗ ‘ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ’ ಎಂದ ನಮ್ಮ ಹಿರಿಯರು ಕೂಡ ಹೀಗೊಂದು ಬೇಲಿಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದವರೇ ಇರಬೇಕೆನ್ನಿಸುತ್ತದೆ. ಲ್ಯಾಬ್ರಡಾರ್, ಬೀಗಲ್, ಮೈಸೂರಿನ ಏಪ್ರಿಲ್ ಬಿಸಿಲಿಗೆ ಹುಟ್ಟಿಬಂದ ತಪ್ಪಿಗಾಗಿ ನಾಲಿಗೆ ಚಾಚಿಕೊಂಡಿರುವ ಒಂದು ಹಸ್ಕಿ, ಇವೆಲ್ಲ ಇವೆ. ಒಂದು ಮುಧೋಳವೂ ಇದೆ. 2005ರಲ್ಲಿ ಅಂಚೆ ಇಲಾಖೆ ದೇಶೀ ನಾಯಿತಳಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲೊಂದರ ಮೇಲೆ ಬಂದ ಕುಲ ಅದರದು. ಮೂಲೆಯಲ್ಲಿ ತೆಳ್ಳಗೆ, ಉದಾಸೀನವಾಗಿ ನಿಂತಿರುತ್ತದೆ. ಓಡಲು ಮನಸ್ಸು ಮಾಡಿದಾಗ ಮಾತ್ರ ಈ ಮೈದಾನ ಎಷ್ಟು ಚಿಕ್ಕದೆಂದು ನಮಗೆ ಗೊತ್ತಾಗುತ್ತದೆ.

ಯಜಮಾನರ ಕುರಿತು ಹೆಚ್ಚು ಹೇಳುವಂಥದೇನಿಲ್ಲ. ಮೂರು ವರ್ಷಗಳಿಂದ ದಿನವೂ ಮಾತಾಡುವ ಇವರಲ್ಲಿ ಹೆಚ್ಚಿನವರ ಹೆಸರು ನನಗೆ ತಿಳಿಯದು. ಅವರು ಬ್ರೂನೋ ಅಪ್ಪ, ಇವರು ಕುಕಿ ಅಮ್ಮ, ಅಷ್ಟೇ. ನಾಯಿ ಹೊಂಗೆ ಮರದ ಬುಡದಲ್ಲಿ ಬೆನ್ನು ಬಾಗಿಸಿ ಕುಳಿತಿತೆಂದರೆ ಬ್ರೂನೋ ಅಪ್ಪನಿಗೆ ಥಟ್ಟನೆ ಭಕ್ತಿ ಉಕ್ಕಿ, ಚಾಮುಂಡಿ ಬೆಟ್ಟದ ಕಡೆಗೆ ತಿರುಗಿ ಕೈಮುಗಿದು ನಿಂತುಬಿಡುತ್ತಾರೆ. 2016ರಲ್ಲಿ ದೇಶಕ್ಕೇ ಸ್ವಚ್ಛನಗರವೆನಿಸಿಕೊಂಡ ಊರಿನಲ್ಲಿ ಹೀಗೆ ಮಾಡಬಹುದೆ ಎಂದು ಎಂಜಿನಿಯರರು ಹಳೆಯ ಪತ್ರಿಕೆಯ ಹಾಳೆಯೊಂದನ್ನು ಮೌನವಾಗಿ ಅವರ ಕೈಗಿಡುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಕರೆಯುವ ಸಮಸ್ಯೆ. ಹಗ್ಗವಿದ್ದಾಗ ನಾಯಿಯ ಹೆಸರು ಬರಿಯ ಅಲಂಕಾರ. ಹಗ್ಗ ಬಿಚ್ಚಿದ ಮೇಲೆ ನಮಗೂ ಅದಕ್ಕೂ ಇರುವ ಸಂಬಂಧವೆಲ್ಲ ಆ ಒಂದು ಹೆಸರಿನ ಮೇಲೆ ನಿಂತಿರುತ್ತದೆ. ಏಳೂವರೆಗೆ ಎಲ್ಲರೂ ಕರೆಯತೊಡಗುತ್ತಾರೆ. ಮನೆಯಲ್ಲಿ ಅಚ್ಚ ಮೈಸೂರು ಕನ್ನಡವನ್ನು ಆಡುವವರೆಲ್ಲರೂ ನಾಯಿಯೊಡನೆ ಮಾತ್ರ ‘ಕಮ್’, ‘ಸಿಟ್’, ‘ನೋ’ ಎನ್ನುತ್ತಾರೆ. ಆ ನಾಯಿಗಳು ಅದನ್ನು ಕೇಳಿಯೂ ಕೇಳಿಸದಂತೆ ಇರುವುದನ್ನು ಚೆನ್ನಾಗಿ ಕಲಿತಿವೆ. ನನ್ನದು ಬೀದಿಯಿಂದ ಎತ್ತಿಕೊಂಡು ಬಂದ, ಎದೆಯ ಮೇಲೊಂದು ಬಿಳಿಯ ಚುಕ್ಕೆ ಬಿಟ್ಟರೆ ಮೈಯೆಲ್ಲ ಇದ್ದಿಲಿನಂತಿರುವ ಹೆಣ್ಣುನಾಯಿ. ಅದಕ್ಕೆ ಕನ್ನಡವೇ ಸರಿ ಎಂದುಕೊಂಡು ಕಾಳಿ ಎಂದು ಹೆಸರಿಟ್ಟೆ. ಚಾಮುಂಡಿಯ ಊರಿನಲ್ಲಿ ನಸುಕತ್ತಲೆಯಲ್ಲಿ ‘ಕಾಳೀ, ಕಾಳೀ’ ಎಂದು ಕೂಗುವುದು ಸುಲಭವಲ್ಲ. ವಾಯುವಿಹಾರಕ್ಕೆ ಬಂದ ವೃದ್ಧರೊಬ್ಬರು ಬೇಲಿಯಾಚೆ ಚಪ್ಪಲಿ ಕಳಚಿ ನಿಂತದ್ದೂ ಉಂಟು. ದೇವರ ಹೆಸರನ್ನು ನಾಯಿಗಿಡುವುದೇ ಎಂದು ಕುಕಿ ಅಮ್ಮ ಒಮ್ಮೆ ನೇರವಾಗಿಯೇ ಕೇಳಿದರು. ಆಗ ನಾನು ನಮ್ಮ ಮಂಡ್ಯದ ಕಡೆಯ ಸಾಕ್ಷಿಯನ್ನು ಕರೆಯಬೇಕಾಯಿತು.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಚಲ್ಲೇಶ್ವರ ಗುಡಿಯ ಎದುರು ನಿಲ್ಲಿಸಿದ್ದ ಒಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872ರದು, ಅಂದರೆ ಕ್ರಿ.ಶ. 949–50ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನು ತನ್ನ ವೀರ ಮಣಲೆರನಿಗೆ ಏನು ಬೇಕೋ ಬೇಡಿಕೊ ಎಂದಾಗ, ಆತನು ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಬೆಳತೂರಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಛೂಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ದತ್ತಿಬಿಟ್ಟು, ಆ ಗುಡಿಯ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅವನ ಪಾಲಿಗೆ ಎಂದು ಕೆತ್ತಿಸಿದ್ದಾರೆ. ಸಾವಿರ ವರ್ಷಕ್ಕೂ ಮುಂಚೆ ಈ ನಾಡಿನಲ್ಲಿ ಹಗ್ಗ ಬಿಚ್ಚಿಸಿಕೊಂಡು ಹೋಗಿ ಹಿಂತಿರುಗದ ಒಂದು ನಾಯಿಯ ಹೆಸರು ಕಲ್ಲಿನ ಮೇಲೆ ಉಳಿದಿದೆ. ಅದನ್ನೇ ನಾನು ನನ್ನ ನಾಯಿಗೆ ಇಟ್ಟಿದ್ದೇನೆ, ದೇವಿಯದನ್ನಲ್ಲ ಎಂದೆ. ಹಗ್ಗ ಬಿಚ್ಚಿದ ಕೈಯೇ ಆ ಕಲ್ಲನ್ನೂ ನಿಲ್ಲಿಸಿತೆನ್ನುವುದು ಆ ಶಾಸನದಲ್ಲಿ ನನ್ನನ್ನು ತಟ್ಟುವ ಸಂಗತಿ. ಅದನ್ನು ಮಾತ್ರ ಹೇಳಲಿಲ್ಲ. ಕುಕಿ ಅಮ್ಮ ಕಾಳಿಯನ್ನು ಹೊಸ ಗೌರವದಿಂದ ನೋಡಿ ಒಂದು ಬಿಸ್ಕತ್ತು ಕೊಟ್ಟರು, ಮೈದಾನದಲ್ಲಿ ತಿಂಡಿ ಹಂಚಿದರೆ ನಾಯಿಗಳು ಕಾದಾಡುತ್ತವೆ ಎಂಬ ಎಂಜಿನಿಯರರ ನಿಯಮವನ್ನು ಮುರಿದು.

ಇದಾಗಿ ನಾಲ್ಕನೆಯ ದಿನ ಬಿದಿರಿನ ಗೇಟನ್ನು ಯಾರೋ ಸರಿಯಾಗಿ ಮುಚ್ಚಿರಲಿಲ್ಲ. ಹೊರಗಿನದಂತೂ ಹಾಲಿನವನಿಗೆಂದು ತೆರೆದೇ ಇತ್ತು. ಎದುರಿನ ಖಾಲಿ ನಿವೇಶನದ ಕಸದಲ್ಲಿ ಒಂದು ಹಂದಿ, ಬೀದಿಯ ಹಂದಿಯೇ, ತನ್ನ ಪಾಡಿಗೆ ಏನನ್ನೋ ಕೆದಕುತ್ತಿತ್ತು. ಕಾಳಿ ತಲೆಯೆತ್ತಿತು. ಕಿವಿ ನಿಮಿರಿದವು. ನಾನು ಹೆಸರು ಹಿಡಿದು ಕೂಗುವಷ್ಟರಲ್ಲಿ ಎರಡೂ ಗೇಟುಗಳನ್ನು ದಾಟಿ ಹೋಗಿಯಾಗಿತ್ತು. ಖಾಲಿ ಹಗ್ಗವನ್ನು ಕೈಗೆ ಸುತ್ತಿಕೊಂಡು ನಾನು ಓಡಿದೆ. ನನ್ನ ಹಿಂದೆ ಎಂಜಿನಿಯರರು, ಅವರ ಹಿಂದೆ ಕುಕಿ ಅಮ್ಮ. ಅವರ ಮುಖದಲ್ಲಿ ಮಾತ್ರ ಆತಂಕಕ್ಕಿಂತ ನಿರೀಕ್ಷೆಯೇ ಹೆಚ್ಚಾಗಿದ್ದಂತೆ ತೋರಿತು. ಕಾಳಿ ಹಂದಿಗೆ ಹತ್ತಡಿ ದೂರದಲ್ಲಿ ನಿಂತು ಒಮ್ಮೆ ಬೊಗಳಿತು. ಹಂದಿ ತಿರುಗಿ ನೋಡಿ, ಹೆಚ್ಚೇನೂ ಅಲ್ಲ, ಒಂದು ಸಲ ಗುಟುರು ಹಾಕಿತು. ಮರುಕ್ಷಣದಲ್ಲಿ ಕಾಳಿ ನನ್ನ ಎರಡು ಕಾಲುಗಳ ನಡುವೆ ಬಾಲ ಮಡಚಿಕೊಂಡು ಕುಳಿತಿತ್ತು, ಮತ್ತು ನಾನು ಬಗ್ಗುವುದಕ್ಕೆ ಮುಂಚೆಯೇ ಹಗ್ಗಕ್ಕಾಗಿ ಕುತ್ತಿಗೆಯನ್ನು ಚಾಚಿತ್ತು.