ತಮ್ಮನ ಬಗ್ಗೆ ಕೇಳುವವರು ತಮ್ಮನನ್ನೂ ಕೇಳಲಿ

ಆಟಿಸಂ ಇರುವವರ ಒಡಹುಟ್ಟಿದವರ ಬಗ್ಗೆ ಸಂಶೋಧನೆ ಮಾಡುವವರು ಈಗೀಗ ನಮ್ಮ ಧಾರವಾಡದ ಮನೆಗಳಿಗೂ ಬರುತ್ತಿದ್ದಾರೆ. ಸಂತೋಷ. ಆದರೆ ಬಂದು ಮಾಡುವುದೇನು? ಅಕ್ಕನಿಗೊಂದು ಪ್ರಶ್ನಾವಳಿ, ಅವ್ವನಿಗೊಂದು ಪ್ರಶ್ನಾವಳಿ, ತಮ್ಮನಿಗೊಂದು ಚಾಕೊಲೇಟು. ನನ್ನ ತಮ್ಮನಿಗೆ 23 ವರ್ಷ. ಮತ ಹಾಕುತ್ತಾನೆ.

ನನಗೆ ಕೊಟ್ಟ ಹಾಳೆಯಲ್ಲಿ "ತಮ್ಮ ನಿಮಗೆ ಹೊರೆ ಎನಿಸುತ್ತಾನೆಯೇ?" ಎಂಬ ಪ್ರಶ್ನೆಯಿತ್ತು. 'ಎಂದೂ ಇಲ್ಲ' ಎಂಬಲ್ಲಿಂದ 'ಯಾವಾಗಲೂ' ತನಕ ಐದು ಆಯ್ಕೆ. ಅಕ್ಕ ನಿನಗೆ ಹೊರೆಯೇ ಎಂದು ಅವನನ್ನು ಕೇಳುವ ಹಾಳೆ ಮಾತ್ರ ಅವರ ಚೀಲದಲ್ಲಿರಲಿಲ್ಲ. ಮಿಕ್ಸರ್ ಸದ್ದು, ಸ್ನಾನದ ಸರದಿ, ಅವನು ಸಾಲಾಗಿ ಜೋಡಿಸಿಡುವ ಚಿಗರಿ ಬಸ್ಸಿನ ಟಿಕೆಟ್‌ಗಳು: ನಮ್ಮ ಜಗಳಗಳೆಲ್ಲ ಇವುಗಳ ಸುತ್ತಲೇ. ಅಷ್ಟರಲ್ಲೂ ನನ್ನ ವಾದವೊಂದೇ ದಾಖಲಾಯಿತು.

ಅವನ ಒಪ್ಪಿಗೆ ಎಲ್ಲಿ ಎಂದರೆ, "ತಾಯಿಯವರ ಸಹಿ ಇದೆಯಲ್ಲ ಮೇಡಂ" ಎಂದರು. ಮಗನಿಗೆ 18 ತುಂಬಿದ ಮೇಲೆ ತಾಯಿ ತಾನಾಗಿಯೇ ಕಾನೂನಿನ ಪ್ರಕಾರ ಪಾಲಕಿಯಾಗಿ ಉಳಿಯುವುದಿಲ್ಲ. ಆಟಿಸಂನಂಥ ಸ್ಥಿತಿ ಇರುವವರಿಗಾಗಿಯೇ ಬಂದ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಅರ್ಜಿ ಹಾಕಿ ನೇಮಕವಾಗಬೇಕು. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 6ನೇ ಕಲಮು ಸ್ಪಷ್ಟವಾಗಿಯೇ ಇದೆ. ಅಂಗವಿಕಲ ವ್ಯಕ್ತಿಯನ್ನು ಸಂಶೋಧನೆಗೆ ಒಳಪಡಿಸಬೇಕಾದರೆ ಅವನಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ ಅವನದೇ ಒಪ್ಪಿಗೆ ಪಡೆಯಬೇಕು. ಸರ್ಕಾರ ರಚಿಸಿದ ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಸ್ವತಃ ಅಂಗವಿಕಲರು ಅಥವಾ ಅವರ ನೋಂದಾಯಿತ ಸಂಘಟನೆಗಳವರು ಇರಬೇಕು. ನಾವು ಅಕ್ಕನನ್ನಷ್ಟೇ ಸಂದರ್ಶಿಸುತ್ತೇವೆ ಎಂದು ಜಾರಿಕೊಳ್ಳಬಹುದು. ಹಾಗಾದರೆ ಮೂಲೆಯಲ್ಲಿ ಕುಳಿತು ಅವನ ಕೈಚಲನೆಯನ್ನು ಟಿಪ್ಪಣಿ ಮಾಡಿಕೊಂಡದ್ದು ಯಾತಕ್ಕೆ?

ಸರಿಯಾಗಿ ಮಾತನಾಡದವನನ್ನು ಕೇಳುವುದು ಹೇಗೆ ಎಂಬುದು ನ್ಯಾಯವಾದ ಪ್ರಶ್ನೆ. "ಇಷ್ಟವೋ, ಇಷ್ಟವಿಲ್ಲವೋ" ಎಂದು ಕೇಳಿದರೆ ತಮ್ಮ ಕೊನೆಯ ಮಾತನ್ನೇ ತಿರುಗಿ ಹೇಳುತ್ತಾನೆ. ಕೇಳಿದ್ದನ್ನೇ ಮರಳಿ ಹೇಳುವುದು ಆಟಿಸಂ ಇರುವ ಅನೇಕರಲ್ಲಿ ಉಂಟು. ಅದನ್ನು ಉತ್ತರವೆಂದು ಗುರುತು ಹಾಕಿಕೊಂಡರೆ ಸಂಶೋಧನೆ ಮುಗಿದಂತೆಯೇ! ಅದೇ ಪ್ರಶ್ನೆಯನ್ನು ಮೊಬೈಲಿಗೆ ಬರೆದು ಕಳುಹಿಸಿ ನೋಡಿ. ಸಂಜೆಯೊಳಗೆ ಎರಡು ಪದದ ಉತ್ತರ ಬರುತ್ತದೆ, ಅದೂ ನನಗಿಂತ ಶುದ್ಧ ಕಾಗುಣಿತದಲ್ಲಿ. ಬೇರೊಬ್ಬರಿಗೆ ಚಿತ್ರದ ಕಾರ್ಡುಗಳು ಬೇಕಾಗಬಹುದು, ಮತ್ತೊಬ್ಬರಿಗೆ ತಾವೇ ತೆಗೆದ ಫೋಟೊಗಳು. ಪ್ರಶ್ನೆಗಳನ್ನು ಹಿಂದಿನ ದಿನವೇ ಕೊಡುವುದು, ಸಾಕೆನಿಸಿದಾಗ ಎತ್ತಿ ತೋರಿಸಲು ಒಂದು ಕೆಂಪು ಕಾರ್ಡು, ಗದ್ದಲವಿಲ್ಲದ ಕೋಣೆ. ಇದಕ್ಕೆ ಹಣಕ್ಕಿಂತ ಸಮಯ ಹೆಚ್ಚು ಬೇಕು. ಪಿಎಚ್‌ಡಿ ಗಡುವು ತಲೆಯ ಮೇಲಿರುವವರಿಗೆ ಅದೇ ಇಲ್ಲ, ಗೊತ್ತು. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲೇ ಹೇಳಿದ್ದಾರೆ: ಅರ್ಥವಾಗದಿರುವುದು ಎರಡೂ ಕಡೆಯ ತೊಡಕು, ಒಬ್ಬರ ಕೊರತೆಯಲ್ಲ.

ಅವನನ್ನು ಕೇಳುವಾಗ ನನ್ನನ್ನು ಹೊರಗೆ ಕಳುಹಿಸಿ. ನಾನು ಎದುರಿಗಿದ್ದರೆ ಅವನು ನನ್ನ ಮುಖ ನೋಡಿಯೇ ಉತ್ತರಿಸುತ್ತಾನೆ. ಹೆಸರು ಬದಲಿಸಿ ಅಚ್ಚು ಹಾಕಿದರೂ ತಮ್ಮನ ಮಾತನ್ನು ಅಕ್ಕ ಗುರುತಿಸುತ್ತಾಳೆ, ನಮ್ಮಂಥ ಊರಿನಲ್ಲಿ ಓಣಿಯೂ ಗುರುತಿಸುತ್ತದೆ. ಹಾಗಾಗಿ ಯಾವ ಮಾತು ಅಚ್ಚಾಗಬೇಕು, ಯಾವುದು ಬೇಡ ಎಂಬುದನ್ನು ಅವನೇ ನೋಡಿ ಹೇಳಲಿ.

ಎಲ್ಲ ಪ್ರಶ್ನಾವಳಿಗಳೂ ಕೊನೆಗೆ ಬಂದು ನಿಲ್ಲುವುದು "ತಂದೆತಾಯಿಯ ನಂತರ ಯಾರು?" ಎಂಬಲ್ಲಿ. ನಮ್ಮಲ್ಲಿ ಅದಕ್ಕೆ ಉತ್ತರಿಸಲು ಗದಗಿನ ಸೋದರತ್ತೆಯೂ ಸಿದ್ಧ: "ಅವಳು ಮದುವೆಯಾಗಿ ಹೋಗುವ ಹುಡುಗಿ." ಇವನು ಅದೇ ಪಡಸಾಲೆಯಲ್ಲಿ ಕುಳಿತಿರುತ್ತಾನೆ. ನಾನು ಬೇರೆ ಊರಿಗೆ ಹೋದರೆ ಜೊತೆಗೆ ಬರುತ್ತೀಯಾ ಎಂದು ಮೊಬೈಲಿನಲ್ಲಿ ಕೇಳಿದೆ. "ಅಲ್ಲಿ ಚಿಗರಿ ಇದೆಯಾ ಅಕ್ಕಾ?" ಎಂದು ಬರೆದ. ಚಿಗರಿ ಓಡುವುದು ಹುಬ್ಬಳ್ಳಿ–ಧಾರವಾಡದ ನಡುವೆ ಮಾತ್ರ. ಅಂದರೆ ಅವನಿಗೆ ಅಕ್ಕನಷ್ಟೇ ಊರೂ ಮುಖ್ಯ. ನಮ್ಮ ಮನೆಯ ಯಾವ ಚರ್ಚೆಯಲ್ಲೂ ಬಾರದ ಸಂಗತಿ ಇದು.

ಹಾಗಾಗಿ ಮುಂದೆ ಬರುವ ಸಂಶೋಧಕರಲ್ಲಿ ವಿನಂತಿ. ಪ್ರಶ್ನಾವಳಿ ಸಿದ್ಧಪಡಿಸುವಾಗಲೇ ಆಟಿಸಂ ಇರುವ ಒಂದಿಬ್ಬರು ಯುವಕ ಯುವತಿಯರನ್ನು ಸಂಭಾವನೆ ಕೊಟ್ಟು ಜೊತೆಗೆ ಕೂರಿಸಿಕೊಳ್ಳಿ. ತಮ್ಮನ ಹಾಳೆಯನ್ನು ಕನ್ನಡದಲ್ಲಿ ಮೊದಲೇ ಕಳುಹಿಸಿ. ಅವನು ಬೇಡವೆಂದರೆ ನನ್ನ ಸಂದರ್ಶನ ಕೊಡುತ್ತೇನೆ, ಆದರೆ ಅವನ ಬಗ್ಗೆ ಟಿಪ್ಪಣಿ ಬರೆದುಕೊಳ್ಳುವಂತಿಲ್ಲ. ಚಾಕೊಲೇಟು ತರಬೇಡಿ, ಅವನಿಗೆ ಸೇರುವುದಿಲ್ಲ.