ತಂಬುಳಿಗೆ 18 ಪರ್ಸೆಂಟ್, ಮಂಚ ಮಾತ್ರ ಕೇಳ್ಬೇಡಿ

ನಮ್ಮ ಮಲೆನಾಡಿನ ತಂಬುಳಿಗೆ ಸ್ಟಾರ್ ಹೋಟ್ಲಲ್ಲಿ ಶುಕ್ರದೆಸೆ ಬಂದಿದೆ ಮಾರಾಯ್ರೆ. ‘ಚಿಲ್ಡ್ ಯೋಗರ್ಟ್ ಸೂಪ್’ ಅಂತ ಪುಟಾಣಿ ಗಾಜಿನ ಲೋಟದಲ್ಲಿ ಬರುತ್ತೆ, ಎರಡು ಗುಟುಕಿಗೆ ಖಾಲಿ. ಮಾಡೋದು ಮಾತ್ರ ಅದೇ, ದೊಡ್ಡಪತ್ರೆನ ತುಪ್ಪದಲ್ಲಿ ಬಾಡಿಸಿ ಜೀರಿಗೆ, ಕಾಳುಮೆಣಸು, ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆ ಬೆರೆಸಿ ಒಂದು ಒಗ್ಗರಣೆ, ಕುದಿಸೋ ಗೋಜೂ ಇಲ್ಲ. ದಾಳಿಂಬೆ ತಿಂದು ಬಿಸಾಕೋ ಸಿಪ್ಪೆಲೂ ಆಗುತ್ತೆ. ರೇಟಿನ ಬಗ್ಗೆ ನಂದೇನೂ ತಕರಾರಿಲ್ಲ, ಎಸಿ ಇದೆ, ಬಿಳಿ ಕರವಸ್ತ್ರ ಇದೆ, ಕೊಡೋಣ.

ಬಿಲ್ಲಿನ ಕೊನೆ ಸಾಲು ನೋಡಿ. ಬೀದಿ ಬದಿ ರೆಸ್ಟೋರೆಂಟಲ್ಲಿ ಇದೇ ತಂಬುಳಿಗೆ ಜಿಎಸ್‌ಟಿ 5 ಪರ್ಸೆಂಟ್. ಇಲ್ಲಿ 18. ಯಾಕೆ ಅಂದ್ರೆ ಇದು ಲಾಡ್ಜಿಂಗ್ ಇರೋ ಹೋಟ್ಲು, ಹೋದ ಆರ್ಥಿಕ ವರ್ಷ ಮೇಲಿನ ಯಾವುದೋ ಒಂದು ರೂಮು ದಿನಕ್ಕೆ 7500 ರೂಪಾಯಿ ದಾಟಿ ಬಾಡಿಗೆಗೆ ಹೋಗಿತ್ತಂತೆ! ಯಾರೋ ಪುಣ್ಯಾತ್ಮ ಹೋದ ಡಿಸೆಂಬರಲ್ಲಿ ಸೀ ವ್ಯೂ ಬೇಕು ಅಂತ ದುಡ್ಡು ಸುರಿದು ಮಲಗೆದ್ದು ಹೋಗಿರ್ತಾನೆ, ಅವನ ಗೊರಕೆಯ ತೆರಿಗೆ ಈ ಏಪ್ರಿಲ್‌ನಲ್ಲಿ ನಾನು ಕುಡಿಯೋ ಮಜ್ಜಿಗೆ ಮೇಲೆ. ದೊಡ್ಡಪತ್ರೆಗೇನು ಗೊತ್ತು ಪಾಪ, ತನ್ನ ತಲೆ ಮೇಲೆ ಎಷ್ಟು ರೇಟಿನ ಮಂಚ ಇದೆ ಅಂತ.

ಮೊಸರಿನ ಕಥೆ ಗೊತ್ತಲ್ಲ, 2022ರ ಜುಲೈ 18ಕ್ಕೆ ಪ್ಯಾಕೆಟ್ಟಲ್ಲಿ ಕೂತು ಲೇಬಲ್ ಅಂಟಿಸ್ಕೊಂಡ ಮೊಸರು ಮಜ್ಜಿಗೆ ಲಸ್ಸಿಗೆಲ್ಲ 5 ಪರ್ಸೆಂಟ್ ಬಿತ್ತು, ಪಾತ್ರೆ ತಗೊಂಡು ಹೋಗಿ ಬಿಡಿಯಾಗಿ ತಂದ್ರೆ ಸೊನ್ನೆ. ಹೆಪ್ಪು ಅದೇ, ಹಸು ಅದೇ. ಅಂದ್ರೆ ಸರ್ಕಾರ ಮೊಸರಿಗೆ ಬಟ್ಟೆ ನೋಡುತ್ತೆ, ತಂಬುಳಿಗೆ ಮನೆ ಮಹಡಿ ನೋಡುತ್ತೆ. ಗಂಡು ನೋಡೋಕೆ ಹೋದವರೂ ಇಷ್ಟು ವಿಚಾರಿಸಲ್ಲ.

ಇನ್ನು ಆ ಮೆನುವಿಗೆ ನಮ್ಮ ಶಿರಸಿ ಸಿದ್ದಾಪುರದ ಅಪ್ಪೆಹುಳಿನೂ ‘ರಾ ಮ್ಯಾಂಗೋ ಕೋಲ್ಡ್ ಸೂಪ್’ ಆಗಿ ಏರಿದ್ರೆ ಏನ್ ಮಾಡ್ತಾರೋ. ಮಾವಿನಕಾಯಿ ಬೇಯಿಸಿ ಕಿವುಚಿ, ಧಾರಾಳ ನೀರು ಹಾಕಿ, ಮೇಲೆ ಇಂಗು ಒಣಮೆಣಸಿನ ಒಗ್ಗರಣೆ ಚುಂಯ್ ಅನಿಸಿದ್ದನ್ನ ಬೇಸಿಗೆ ಊಟ ಮುಗಿಸಿ ಎರಡು ಲೋಟ ಏರಿಸಿದವನು ಕೂತಲ್ಲೇ ತೂಕಡಿಸ್ತಾನೆ, ಇದು ಆ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರೋ ಸತ್ಯ. ರೂಮಿನ ಲೆಕ್ಕದಲ್ಲೇ ಟ್ಯಾಕ್ಸ್ ಕಟ್ಟಿಸ್ಕೊಂಡ ಮೇಲೆ ಜಿಎಸ್‌ಟಿ ಕೌನ್ಸಿಲ್‌ನವರು ದಯವಿಟ್ಟು ಒಂದು ತಿದ್ದುಪಡಿ ತರಲಿ: ಅಪ್ಪೆಹುಳಿ ಆರ್ಡರ್ ಮಾಡಿದವರಿಗೆ ಒಂದು ಚಾಪೆ, ಒಂದು ದಿಂಬು, ಸಂಜೆ ನಾಲ್ಕಕ್ಕೆ ಚೆಕ್‌ಔಟ್.