ಚಿಕ್ಕಮ್ಮನ ‘ಅಂತೆ’

ಯುಗಾದಿಗೆ ಒಂದು ವಾರ ಇರುವಾಗ ಚಿಕ್ಕಮ್ಮ ಫೋನ್ ಮಾಡಿದರು. ಮಗಳಿಗೆ ಗಂಡು ನೋಡುತ್ತಿದ್ದಾರೆ. ಹುಡುಗ ಇಲ್ಲೇ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇಂಜಿನಿಯರ್, ಊರು ತುಮಕೂರು ಕಡೆ. ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ಮುಂದೆ ನಿಂತಿದ್ದಾನೆ (ಲಂಡನ್ ನೋಡಿದ ಕನ್ನಡಿಗರ ಹತ್ತಿರ ಈ ಫೋಟೋ ಇದ್ದೇ ಇರುತ್ತೆ, ನನ್ನದೂ ಇದೆ). ಜಾತಕ ಕೂಡಿದೆ. ‘ನೀನು ಹೆಂಗೂ ಅಲ್ಲಿ ಪೊಲೀಸಲ್ಲೇ ಇದೀಯಲ್ಲ, ಕಂಪ್ಯೂಟರಲ್ಲಿ ಹುಡುಗನ ಬಗ್ಗೆ ಸ್ವಲ್ಪ ನೋಡಿ ಹೇಳಪ್ಪ.’

ಆಗಲ್ಲ ಚಿಕ್ಕಮ್ಮ, ಕೆಲಸ ಹೋಗುತ್ತೆ ಅಂದೆ, ಹಂಗೆಲ್ಲ ಕೇಳಬಾರದು ಅಂತ ಒಂದು ಉಪದೇಶವನ್ನೂ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹಂಗಾದ್ರೆ ನೀನೆಂಥ ಪೊಲೀಸೋ?’

ಚುಚ್ಚಿತು. ಯಾಕಂದ್ರೆ ನಾನು ಪೊಲೀಸೇ ಅಲ್ಲ. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ 43 ಪೊಲೀಸ್ ಪಡೆಗಳಿವೆ, ಅದರಲ್ಲಿ ಒಂದರಲ್ಲಿ ನಾನು ಇಂಟೆಲಿಜೆನ್ಸ್ ರಿಸರ್ಚರ್. ಸಮವಸ್ತ್ರ ಇಲ್ಲ, ಯಾರನ್ನೂ ಬಂಧಿಸುವ ಅಧಿಕಾರ ಇಲ್ಲ, ಕೊರಳಲ್ಲಿ ಒಂದು ಗುರುತಿನ ಕಾರ್ಡು ಅಷ್ಟೆ. ಬೆಳಿಗ್ಗೆ ಕೂತರೆ ಬೀದಿಯ ಪೇದೆಗಳು ಬರೆದ ವರದಿ ಓದುವುದು, ಒಂದು ಹೆಸರಿಗೆ ಒಂದು ವಿಳಾಸ, ಒಂದು ಕಾರು, ಒಂದು ಹಳೇ ಕೇಸು ಹೊಂದಿಸುವುದು, ಕೊನೆಗೆ ತನಿಖೆಯವರ ಕೈಗೆ ನಾಲ್ಕು ಪುಟ ಕೊಡುವುದು. ಸಿನಿಮಾದವರು ತೋರಿಸುವ ಗೂಢಚಾರಿಕೆ ಇದಲ್ಲ. ನಮ್ಮ ಠಾಣೆಗಳ ರೈಟರ್ ಇರುತ್ತಾರಲ್ಲ, ಹೆಚ್ಚುಕಮ್ಮಿ ಆ ಜಾತಿಯ ಕೆಲಸ.

ಆದರೆ ಒಂದು ಹೆಸರು ಹುಡುಕಬೇಕಾದರೂ ಯಾರು ಕೇಳಿದರು, ಯಾಕೆ ಕೇಳಿದರು ಅಂತ ಬರೆಯಬೇಕು. ಯಾರು ಏನು ನೋಡಿದರು ಅನ್ನುವುದು ದಾಖಲಾಗಿ ಉಳಿಯುತ್ತದೆ, ಆಮೇಲೆ ತಪಾಸಣೆಯೂ ನಡೆಯುತ್ತದೆ. ಪಕ್ಕದ ಮನೆಯವನನ್ನೋ ಹಳೇ ಗೆಳತಿಯನ್ನೋ ಸುಮ್ನೆ ಕುತೂಹಲಕ್ಕೆ ಹುಡುಕಿ ಕೆಲಸ ಕಳೆದುಕೊಂಡವರಿದ್ದಾರೆ, ಕೋರ್ಟು ಹತ್ತಿದವರೂ ಇದ್ದಾರೆ. ಸೇರಿದ ಹೊಸದರಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಬಂದು ಒಂದು ನಂಬರ್ ನೋಡು ಅಂದಾಗ ನನ್ನ ಮೇಲಿನವಳು ತಲೆಯೆತ್ತದೆ ‘ಕಾರಣ?’ ಅಂದಳು. ಅವರು ಸಿಟ್ಟಾಗಲಿಲ್ಲ, ಕಾರಣ ಹೇಳಿದರು. ನಾನು ಮಾತ್ರ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದೆ. ನಮ್ಮಲ್ಲಿ ಸಾಹೇಬ್ರನ್ನ ಹಂಗೆ ಕೇಳೋಕಾಗುತ್ತಾ?

ಇತ್ತ ಚಿಕ್ಕಮ್ಮ ಸುಮ್ಮನಿರಲಿಲ್ಲ. ಚಿಕ್ಕಪ್ಪನ ಸ್ನೇಹಿತರ ಭಾವಮೈದ ಒಬ್ಬರು ಆ ಕಡೆ ದಫೇದಾರ್. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಹುಡುಗ ಒಳ್ಳೆಯವನಂತೆ. ಅಪ್ಪನಿಗೆ ಅಡಿಕೆ ತೋಟ ಇದೆಯಂತೆ. ಆದರೆ ಹಿಂದೆ ಒಂದು ನಿಶ್ಚಿತಾರ್ಥ ಮುರಿದಿತ್ತಂತೆ, ಹುಡುಗಿ ಕಡೆಯವರು ಠಾಣೆ ತನಕ ಬಂದಿದ್ದರಂತೆ.

ಈ ‘ಅಂತೆ’ ಇದೆಯಲ್ಲ, ನನ್ನ ಸಂಬಳವೆಲ್ಲ ಅದನ್ನು ಬಿಡಿಸುವುದಕ್ಕೇ. ಇಲ್ಲಿ ಅದಕ್ಕೆ 3-5-2 ಅನ್ನುತ್ತಾರೆ. ಹೇಳಿದವನು ನಂಬಿಕಸ್ಥನಾ, ಇನ್ನೂ ಪರೀಕ್ಷೆಯಾಗದವನಾ, ನಂಬಲಾಗದವನಾ: ಮೂರು. ಅವನು ಕಣ್ಣಾರೆ ಕಂಡದ್ದಾ, ಬೇರೆಯವರಿಂದ ಕೇಳಿದ್ದಾ, ಕೇಳಿದ್ದಕ್ಕೆ ಇನ್ನೊಂದು ಆಧಾರ ಇದೆಯಾ, ಎಲ್ಲಿಂದ ಬಂತೋ ಗೊತ್ತಿಲ್ಲವಾ, ಸುಳ್ಳಿರಬಹುದಾ: ಐದು. ಇದನ್ನು ನೇರ ಹಂಚಬಹುದಾ, ಷರತ್ತು ಹಾಕಿ ಹಂಚಬೇಕಾ: ಎರಡು. ಕನ್ನಡದಲ್ಲಿ ಇಷ್ಟನ್ನೂ ಒಂದೇ ‘ಅಂತೆ’ ಹೊತ್ತುಕೊಳ್ಳುತ್ತದೆ. ಹೇಳಿದವರ ಮೇಲೂ ಭಾರ ಇಲ್ಲ, ಕೇಳಿದವರ ಮೇಲೂ ಇಲ್ಲ. ದಫೇದಾರರ ಮಾತು ನನ್ನ ಮೇಜಿಗೆ ಬಂದಿದ್ದರೆ, ‘ಬೇರೆಯವರಿಂದ ಕೇಳಿದ್ದು, ಆಧಾರವಿಲ್ಲ’ ಅಂತ ಗುರುತು ಬೀಳುತ್ತಿತ್ತು. ಯಾವ ಹುಡುಗ, ಹುಟ್ಟಿದ ತಾರೀಖು ಏನು ಅಂತ ಮೊದಲು ಕೇಳುತ್ತಿದ್ದೆ.

ಚಿಕ್ಕಮ್ಮ ಕೇಳಲಿಲ್ಲ. ಸಂಬಂಧ ಬೇಡ ಅಂದುಬಿಟ್ಟರು. ನಿಶ್ಚಿತಾರ್ಥ ಮುರಿದದ್ದು ಹುಡುಗನ ದೊಡ್ಡಪ್ಪನ ಮಗನದ್ದು ಅಂತ ಎರಡು ತಿಂಗಳಾದ ಮೇಲೆ ಯಾವುದೋ ಗೃಹಪ್ರವೇಶದಲ್ಲಿ ಗೊತ್ತಾಯಿತು. ಇಬ್ಬರಿಗೂ ತಾತನ ಹೆಸರೇ ಇಟ್ಟಿದ್ದಾರೆ. ‘ಇರಲಿ ಬಿಡು, ಋಣ ಇರಲಿಲ್ಲ’ ಅಂದರು ಚಿಕ್ಕಮ್ಮ. ನನಗೆ ಮೈಯೆಲ್ಲ ಉರಿಯಿತು.

ಇದನ್ನೆಲ್ಲ ಆಫೀಸಿನ ಗೆಳೆಯನೊಬ್ಬನಿಗೆ ಹೇಳಿ, ನಿಮ್ಮ ಪದ್ಧತಿ ಎಷ್ಟು ಚೆಂದ ಅಂತ ಹೊಗಳಿದೆ. ಮೂವತ್ತು ವರ್ಷ ಪೇದೆಯಾಗಿದ್ದು ನಿವೃತ್ತನಾಗಿ, ಮತ್ತೆ ನಮ್ಮ ಹಾಗೆ ಮೇಜಿಗೆ ಬಂದು ಕೂತವನು. ಅವನು ಹೊಗಳಿಕೆ ತೆಗೆದುಕೊಳ್ಳಲಿಲ್ಲ. ‘ಸೋಹಮ್ ಗೊತ್ತಾ?’ ಅಂದ.

ಗೊತ್ತಿಲ್ಲದೆ ಏನು, ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. 2002ರಲ್ಲಿ ಸೋಹಮ್ ಅನ್ನುವ ಊರಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಅದೇ ಊರಿನ ಶಾಲೆಯೊಂದರ ಕೇರ್‌ಟೇಕರ್. ಅವನ ಮೇಲೆ ಹಿಂದೆ ಬೇರೆ ಪೊಲೀಸ್ ಪಡೆಗೆ ಸೇರಿದ ಹಂಬರ್‌ಸೈಡ್ ಕಡೆ ಹಲವು ದೂರು ಬಂದಿದ್ದವು, ಶಾಲೆಗೆ ಸೇರಿಸಿಕೊಳ್ಳುವಾಗ ಒಂದೂ ಸಿಗಲಿಲ್ಲ. 2004ರಲ್ಲಿ ಈ ಲೋಪದ ಬಗ್ಗೆ ನಡೆದ ವಿಚಾರಣೆಯ ವರದಿ ಬಂತು. ಪಡೆಗಳೆಲ್ಲ ಒಬ್ಬರ ಮಾಹಿತಿ ಒಬ್ಬರು ನೋಡುವ ದೇಶವ್ಯಾಪಿ ವ್ಯವಸ್ಥೆ ಬರುವ ಹೊತ್ತಿಗೆ 2011. ದಿನಾ ನಾನು ಲಾಗಿನ್ ಆಗುವುದು ಅದಕ್ಕೇ. ನಮ್ಮ ದಫೇದಾರರು ಹೆಸರು ತಪ್ಪಿಸಬಹುದು, ಆದರೆ ಅಂಥ ಮನುಷ್ಯ ಅವರ ಊರಲ್ಲಿದ್ದಿದ್ದರೆ ಅವರು ಮರೆಯುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಶಾಲೆ ಮುಂದಿನ ಟೀ ಅಂಗಡಿಯವನಿಗೂ ಗೊತ್ತಿರುತ್ತಿತ್ತು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಚಿಕ್ಕಮ್ಮ ಕೇಳಿದ ಪ್ರಶ್ನೆಯನ್ನೇ ಇಲ್ಲಿ 2014ರಿಂದ ಅಧಿಕೃತವಾಗಿ ಕೇಳಬಹುದು, ಕ್ಲೇರ್ಸ್ ಲಾ ಅನ್ನುತ್ತಾರೆ. ಗಂಡನೋ ಗೆಳೆಯನೋ ಹಿಂದೆ ಯಾರನ್ನಾದರೂ ಹೊಡೆದಿದ್ದನಾ ಅಂತ ಹೆಣ್ಣುಮಕ್ಕಳು ಪೊಲೀಸರನ್ನು ವಿಚಾರಿಸಬಹುದು, ಅವರ ಪರವಾಗಿ ತಾಯಿಯೂ ವಿಚಾರಿಸಬಹುದು. ಹೇಳಬೇಕೋ ಬೇಡವೋ ಅಂತ ಕೂತು ತೀರ್ಮಾನ ಮಾಡುತ್ತಾರೆ, ಅರ್ಧ ಗಂಟೆಯಲ್ಲೇನೂ ಆಗಲ್ಲ. ಸಂಬಂಧ ಶುರುವಾಗಿರಬೇಕು, ಬರೀ ಜಾತಕ ಕೂಡಿದರೆ ಸಾಲದು. ಆದರೂ ಪ್ರಶ್ನೆ ಅದೇ ಅಲ್ವಾ? ಅವತ್ತು ಫೋನಲ್ಲಿ ನಾನು ಅವರಿಗೆ ಅಷ್ಟು ದೊಡ್ಡ ಉಪದೇಶ ಮಾಡಬಾರದಿತ್ತು.

ಈಗ ಹೊಸದೊಂದು ಜಾತಕ ಬಂದಿದೆ. ಚಿಕ್ಕಮ್ಮ ನನಗೆ ಫೋನ್ ಮಾಡಲಿಲ್ಲ, ಅಮ್ಮ ಹೇಳಿದ್ದು. ಹುಡುಗ ಲೀಡ್ಸ್‌ನಲ್ಲಿದ್ದಾನಂತೆ.